ಕಂಟ್ರೋಲ್ ಲೈನ್ ವಿಮಾನಕ್ಕೆ ಎಂಥ ಪುಟ್ಟ ರಿಸೀವರ್, ಎಂಥ ಸರ್ವೋ?

ಮಂಡ್ಯದ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಮಗ ಮೈಸೂರಿನಲ್ಲಿ ಕಾಲೇಜಿಗೆ ಸೇರಿ ಎನ್‌ಸಿಸಿ ವಾಯುದಳ ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಯತೊಡಗಿದ ಮೇಲೆ ತಂತಿ ಹಿಡಿದು ನಮ್ಮ ಸುತ್ತ ವೃತ್ತಾಕಾರವಾಗಿ ಹಾರಿಸುವ ಕಂಟ್ರೋಲ್ ಲೈನ್ ವಿಮಾನಗಳ ಹುಚ್ಚು ನನಗೂ ಹತ್ತಿದೆ. ಈಗ ಇಬ್ಬರೂ ಸೇರಿ ಬಾಲ್ಸಾ ಮರದಲ್ಲಿ, ಸುಮಾರು 1.2 ಕಿಲೋ ತೂಗುವ, ವಿದ್ಯುತ್ ಮೋಟಾರಿನ ವಿಮಾನವೊಂದನ್ನು ಕಟ್ಟುತ್ತಿದ್ದೇವೆ. ತಂತಿಯ ಉದ್ದ 16 ಮೀಟರ್. ವಿಮಾನವನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಅಂದರೆ ಎಲಿವೇಟರ್, ಎಂದಿನಂತೆ ಬಲಗೈಯ ಹಿಡಿಕೆ, ಎರಡು ಉಕ್ಕಿನ ತಂತಿ ಮತ್ತು ತಂತಿಯ ಎಳೆತವನ್ನು ಎಲಿವೇಟರಿಗೆ ಸಾಗಿಸುವ ಬೆಲ್‌ಕ್ರ್ಯಾಂಕ್ ಮೂಲಕವೇ ನಡೆಯುತ್ತದೆ. ಮೋಟಾರಿನ ವೇಗವನ್ನು ಮಾತ್ರ ಟೈಮರಿಗೆ ಒಪ್ಪಿಸದೆ, ಎಡಗೈಯಲ್ಲಿರುವ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರಿನಿಂದ ನಿಯಂತ್ರಿಸಬೇಕೆಂದಿದ್ದೇವೆ. ಇದಕ್ಕೆ ಸಿಗುವುದರಲ್ಲೆಲ್ಲ ಅತಿ ಹಗುರವಾದ ರಿಸೀವರನ್ನೇ ಕೊಳ್ಳಬೇಕೇ? ಸಂಕೇತಕ್ಕೆ ತಕ್ಕಂತೆ ಕಡ್ಡಿಯನ್ನು ಸರಿಸುವ ಪುಟ್ಟ ಮೋಟಾರು, ಅಂದರೆ ಸರ್ವೋ, ಎಷ್ಟು ಗ್ರಾಮಿನದಾಗಿರಬೇಕು? ಉಕ್ಕಿನ ತಂತಿಗಳಿಂದ ಸಂಕೇತಕ್ಕೆ ಅಡ್ಡಿಯಾಗುತ್ತದೆಯೇ? ಮುಂದೆ ಇದೇ ಬಗೆಯ, ಇಂಧನದಿಂದ ಓಡುವ ಗ್ಲೋ ಎಂಜಿನ್ ವಿಮಾನವನ್ನೂ ಕಟ್ಟುವ ಯೋಚನೆಯಿರುವುದರಿಂದ, ಎರಡಕ್ಕೂ ಹೊಂದುವ ಸಾಮಾನಿದ್ದರೆ ದಯವಿಟ್ಟು ತಿಳಿಸಿ.

ಕುವೆಂಪುನಗರದಿಂದ:

ಮೊದಲು ನಿಮ್ಮ ಖರ್ಚೊಂದನ್ನು ಉಳಿಸುತ್ತೇನೆ. ವಿದ್ಯುತ್ ವಿಮಾನದಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್‌ಗೆ ಸರ್ವೋ ಬೇಕಾಗುವುದೇ ಇಲ್ಲ, ಏಕೆಂದರೆ ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನವಾದ ಇಎಸ್‌ಸಿಯ ಮೂರು ತಂತಿಗಳ ಪ್ಲಗ್ಗನ್ನು ರಿಸೀವರಿನ ಥ್ರಾಟಲ್ ಚಾನೆಲ್ಲಿಗೆ ನೇರವಾಗಿ ಸಿಕ್ಕಿಸಿದರೆ ಸಾಕು. ಇಎಸ್‌ಸಿಯಲ್ಲಿ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಸರ್ಕ್ಯೂಟ್) ಇದ್ದರೆ ರಿಸೀವರಿಗೆ ಬೇಕಾದ 5 ವೋಲ್ಟ್ ಅದೇ ಪ್ಲಗ್ಗಿನಿಂದ ಬರುತ್ತದೆ. ನೀವು ಫ್ಲಾಪ್‌ಗಳನ್ನೋ ಮಡಚುವ ಚಕ್ರಗಳನ್ನೋ ರೇಡಿಯೋದಿಂದ ನಡೆಸಹೊರಟರೆ ಮಾತ್ರ ಸರ್ವೋದ ಪ್ರಶ್ನೆ ಬರುತ್ತದೆ.

ಇನ್ನು ರಿಸೀವರ್. ಒಂದೆರಡು ಗ್ರಾಮಿನವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಡ್ರೋನ್‌ಗಳಿಗಾಗಿ ಮಾಡಿದವು. ಫ್ಲೈಸ್ಕೈ ಕಂಪನಿಯ ಎಫ್‌ಎಸ್-ಎ8ಎಸ್ ಅನ್ನೇ ನೋಡಿ: ಅದು ಎಸ್‌ಬಸ್, ಐಬಸ್, ಪಿಪಿಎಂ ಎಂಬ ರೂಪದಲ್ಲಿ ಎಲ್ಲ ಚಾನೆಲ್ಲುಗಳನ್ನೂ ಒಂದೇ ತಂತಿಯಲ್ಲಿ ಕಳಿಸುತ್ತದೆ. ಅದನ್ನು ಬಿಡಿಸಿ ಓದಲು ಡ್ರೋನಿನಲ್ಲಿ ಫ್ಲೈಟ್ ಕಂಟ್ರೋಲರ್ ಇರುತ್ತದೆ, ನಿಮ್ಮ ವಿಮಾನದಲ್ಲಿ ಇರುವುದಿಲ್ಲ. ಸಾಮಾನ್ಯ ಇಎಸ್‌ಸಿಗೂ ಸರ್ವೋಗೂ ಬೇಕಾದದ್ದು ಪ್ರತಿ ಚಾನೆಲ್ಲಿಗೂ ಪ್ರತ್ಯೇಕವಾಗಿ ಬರುವ, 1ರಿಂದ 2 ಮಿಲಿಸೆಕೆಂಡ್ ಅಗಲದ ಪಿಡಬ್ಲ್ಯೂಎಂ ಮಿಡಿತ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ, ಮೂರು ಪಿನ್ನುಗಳ ಸಾಲು ಇದೆಯೇ ಎಂದು ಚಿತ್ರದಲ್ಲಾದರೂ ನೋಡಿಕೊಳ್ಳಿ. ಟ್ರಾನ್ಸ್‌ಮಿಟರ್ ಯಾವ ಪ್ರೋಟೋಕಾಲಿನದೋ (ಸಂಕೇತದ ಭಾಷೆ ಎನ್ನಿ) ರಿಸೀವರೂ ಅದೇ ಪ್ರೋಟೋಕಾಲಿನದಾಗಿರಬೇಕು, ಎರಡೂ 2.4 ಗಿಗಾಹರ್ಟ್ಸ್ ಎಂದ ಮಾತ್ರಕ್ಕೆ ಸ್ಪೆಕ್ಟ್ರಮ್ ಮತ್ತು ಫ್ಲೈಸ್ಕೈ ಕಂಪನಿಗಳ ಸಾಮಾನುಗಳು ಒಂದಕ್ಕೊಂದು ಮಾತನಾಡುವುದಿಲ್ಲ.

ಫ್ಲೈಸ್ಕೈ ಐ6 ಟ್ರಾನ್ಸ್‌ಮಿಟರ್ ಈಗಾಗಲೇ ಮನೆಯಲ್ಲಿದ್ದರೆ, ಅದರ ಜೊತೆಗೆ ಬರುವ ಐಎ6ಬಿ ರಿಸೀವರ್ ತೂಗುವುದು 15 ಗ್ರಾಮಿನಷ್ಟೇ. 1.2 ಕಿಲೋ ವಿಮಾನದಲ್ಲಿ ಹತ್ತು ಗ್ರಾಂ ಉಳಿಸಲು ಹೊಸದಾಗಿ ದುಡ್ಡು ಸುರಿಯುವುದು ನನಗೆ ಸರಿಕಾಣದು. ದೂರ ಕಡಿಮೆಯಿರುವುದರಿಂದ ಪಾರ್ಕ್ ಫ್ಲೈಯರ್ ದರ್ಜೆಯ ಅಲ್ಪವ್ಯಾಪ್ತಿಯ ರಿಸೀವರ್ ಕೂಡ ಸಾಕಾಗುತ್ತದೆ.

ಸರಸ್ವತಿಪುರಂ ವಾಸಿ:

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ತೂಕದ ವಿಷಯವನ್ನು ಅಷ್ಟಕ್ಕೇ ಬಿಡಲಾಗದು. ನಿಮ್ಮ ವಿಮಾನ 16 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಅದರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಗುರುತ್ವದ ಎರಡೂವರೆ ಪಟ್ಟು ಬರುತ್ತದೆ. ಆದ್ದರಿಂದ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಎರಡೂವರೆ ಪಟ್ಟು ಬಲದಿಂದ, ಹಾರಾಟದ ಉದ್ದಕ್ಕೂ, ಹೊರರೆಕ್ಕೆಯ, ಅಂದರೆ ಸುತ್ತಿನ ಹೊರಬದಿಗಿರುವ ರೆಕ್ಕೆಯ, ಕಡೆಗೆ ಒತ್ತುತ್ತಿರುತ್ತದೆ. ಸುತ್ತು 4 ಸೆಕೆಂಡಿಗೆ ಇಳಿದರೆ ಅದು ನಾಲ್ಕು ಪಟ್ಟಾಗುತ್ತದೆ. 15 ಗ್ರಾಮಿನ ರಿಸೀವರಿಗೆ ಇದು ಲೆಕ್ಕಕ್ಕಿಲ್ಲ, 200 ಗ್ರಾಮಿನ ಲಿಪೋ ಬ್ಯಾಟರಿಗೆ ಖಂಡಿತ ಇದೆ. ವೆಲ್ಕ್ರೋ ಅಂಟಿಸಿ ಬಿಟ್ಟರೆ ಸಾಲದು. ಅಡ್ಡಪಟ್ಟಿಯಿಂದ ಬಿಗಿದು, ಹೊರರೆಕ್ಕೆಯ ಬದಿಗೆ ಒಂದು ಬಾಲ್ಸಾ ತಡೆಯನ್ನೂ ಕೊಡಿ. ರಿಸೀವರನ್ನು ಮೆದು ಫೋಮಿನಲ್ಲಿ ಸುತ್ತಿ, ಪ್ಲಗ್ಗುಗಳ ತಂತಿಯನ್ನು ಹೊರಬದಿಗೆ ಜೋತುಬೀಳದಂತೆ ಕಟ್ಟಬೇಕು.

ಉಕ್ಕಿನ ತಂತಿಗಳ ಬಗ್ಗೆ ಕೇಳಿದ್ದೀರಿ. 2.4 ಗಿಗಾಹರ್ಟ್ಸ್‌ನಲ್ಲಿ ಕಾಲು ತರಂಗದ ಆಂಟೆನಾ ಸುಮಾರು 31 ಮಿಲಿಮೀಟರ್ ಇರುತ್ತದೆ. ಅದನ್ನು ಬೆಲ್‌ಕ್ರ್ಯಾಂಕಿಗೂ ಒಳರೆಕ್ಕೆಯಿಂದ ಹೊರಡುವ ತಂತಿಗಳಿಗೂ ಸಮಾಂತರವಾಗಿ, ಅವುಗಳಿಗೆ ತಾಗುವಷ್ಟು ಹತ್ತಿರ ಮಲಗಿಸಬಾರದು. ಬೆಲ್‌ಕ್ರ್ಯಾಂಕಿನ ಹಿಂದೆ, ಬಾಲದ ಕಡೆಗೆ, ನಿಂತ ದಿಕ್ಕಿನಲ್ಲಿ ಇಡುವುದು ನನ್ನ ಆಯ್ಕೆ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿರಲಿ, ಏಕೆಂದರೆ ತಲೆಯ ಮೇಲೆ ಬರುವಾಗ ವಿಮಾನ ತನ್ನ ಭಂಗಿಯನ್ನು ಬದಲಿಸುತ್ತಲೇ ಇರುತ್ತದೆ. ಕಾರ್ಬನ್ ಫೈಬರ್ ಪಟ್ಟಿ ಬಳಸಿದ್ದರೆ ಅದರಿಂದಲೂ ಆಂಟೆನಾ ದೂರವಿರಬೇಕು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತು.

ಮಂಡ್ಯದ ಹವ್ಯಾಸಿ:

ಇಬ್ಬರಿಗೂ ಕೃತಜ್ಞತೆಗಳು. ಐ6 ನಮ್ಮಲ್ಲಿದೆ, ಮೋಡ್ 2ರದು. ಥ್ರಾಟಲ್ ಎಡಬದಿಯ ಕಡ್ಡಿಯಲ್ಲೇ ಇರುವುದರಿಂದ ಪಟ್ಟಿ ಹಾಕಿ ಕೊರಳಿಗೆ ತೂಗಿಕೊಂಡರೆ ಬಲಗೈ ಹಿಡಿಕೆಗೆ ಬಿಡುವಾಗಿ ಉಳಿಯುತ್ತದೆ. ಸಂಕೇತ ತಪ್ಪಿದರೆ ಮೋಟಾರ್ ಏನು ಮಾಡಬೇಕೆಂದು ಹೊಂದಿಸಬೇಕು? ಗ್ಲೋ ಎಂಜಿನ್ನಿನ ವಿಚಾರವನ್ನೂ ತಿಳಿಸಿದರೆ ಉಪಕಾರ.

ಕುವೆಂಪುನಗರದಿಂದ:

ಗ್ಲೋ ಎಂಜಿನ್ನಿನಲ್ಲಿ ಕಾರ್ಬುರೇಟರನ್ನು ತಿರುಗಿಸಲು ಸರ್ವೋ ಬೇಕೇ ಬೇಕು, ಆದರೆ ಆ ಕೆಲಸಕ್ಕೆ ಬಲ ಹೆಚ್ಚು ಬೇಡ. 9 ಗ್ರಾಮಿನ ಎಸ್‌ಜಿ90 ದರ್ಜೆಯದೂ ತಿರುಗಿಸಬಲ್ಲದು. ಅದನ್ನು ಹಾಳುಮಾಡುವುದು ಎಂಜಿನ್ನಿನ ನಡುಕ ಮತ್ತು ಇಂಧನದಲ್ಲಿದ್ದು ಎಲ್ಲೆಂದರಲ್ಲಿ ನುಸುಳುವ ಹರಳೆಣ್ಣೆ. ಹೀಗಾಗಿ ಲೋಹದ ಹಲ್ಲುಗಳ, 13-14 ಗ್ರಾಮಿನ ಎಂಜಿ90ಎಸ್ ಬಗೆಯದನ್ನು ರಬ್ಬರ್ ಬುಷ್ ಕೊಟ್ಟು ಕೂರಿಸುವುದೇ ಒಳ್ಳೆಯದು. ಪುಶ್‌ರಾಡ್ ಮೂಗಿನಿಂದ ಬಾಲದ ದಿಕ್ಕಿಗೆ ಚಲಿಸುವಂತಿರಲಿ. ರೆಕ್ಕೆಯ ದಿಕ್ಕಿಗೆ ಚಲಿಸುವಂತಿದ್ದರೆ ಮೇಲಿನವರು ಹೇಳಿದ ಹೊರಸೆಳೆತವೆಲ್ಲ ಸರ್ವೋದ ಮೇಲೆಯೇ ಬೀಳುತ್ತದೆ.

ಅಲ್ಲಿ ಇಎಸ್‌ಸಿ ಇರುವುದಿಲ್ಲವಾದ್ದರಿಂದ ರಿಸೀವರಿಗೆ ಬೇರೆ ಬ್ಯಾಟರಿ ಬೇಕು. ನಾಲ್ಕು ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳ 4.8 ವೋಲ್ಟಿನ ಕಟ್ಟು ಎಲ್ಲಕ್ಕಿಂತ ಸರಳ. ಒಂದು ಸೆಲ್ಲಿನ ಲಿಪೋ 3.7 ವೋಲ್ಟಿನದು, ಸಾಲುವುದಿಲ್ಲ. ಎರಡು ಸೆಲ್ಲಿನದು ತುಂಬಿದಾಗ 8.4 ವೋಲ್ಟ್ ಇರುವುದರಿಂದ, 6 ವೋಲ್ಟಿನ ಸರ್ವೋ ಸುಡದಂತೆ ನಡುವೆ ಬಿಇಸಿ ಹಾಕಬೇಕು.

ಫೇಲ್‌ಸೇಫ್ (ಸಂಕೇತ ತಪ್ಪಿದಾಗಿನ ಹೊಂದಾಣಿಕೆ) ಬಗ್ಗೆ ಹೇಳುವುದಾದರೆ, ಮೋಟಾರನ್ನು ಪೂರ್ತಿ ನಿಲ್ಲಿಸದೆ ಮೆಲ್ಲಗೆ ತಿರುಗುವಂತೆ ಇಡಿ. ತಲೆಯ ಮೇಲಿರುವಾಗ ದಿಢೀರನೆ ಮೋಟಾರ್ ನಿಂತರೆ ತಂತಿಗಳು ಸಡಿಲವಾಗುತ್ತವೆ, ಸಡಿಲವಾದ ತಂತಿಯಲ್ಲಿ ಎಲಿವೇಟರ್ ನಿಮ್ಮ ಕೈಯಲ್ಲಿ ಇಲ್ಲದಂತೆಯೇ ಸರಿ.

ಸರಸ್ವತಿಪುರಂ ವಾಸಿ:

ಈ ಕೊನೆಯ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ತಂತಿ ಕಡಿದ ವಿಮಾನ ಸಂಕೇತವನ್ನೂ ಕಳೆದುಕೊಂಡರೆ, ತಿರುಗುತ್ತಲೇ ಇರುವ ಪ್ರೊಪೆಲ್ಲರ್ ಹೊತ್ತು ಜನರ ನಡುವೆ ಬೀಳುತ್ತದೆ. ಒಂದು ವಿಮಾನ ಮುರಿದರೂ ಚಿಂತೆಯಿಲ್ಲ, ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಸೊನ್ನೆಗೇ ಇಳಿಯಬೇಕು. ಇಷ್ಟು ಕಡಿಮೆ ದೂರದಲ್ಲಿ ಸಂಕೇತ ತಪ್ಪಿತೆಂದರೆ ಬಹುಪಾಲು ಬ್ಯಾಟರಿಯೋ ಪ್ಲಗ್ಗೋ ಕೈಕೊಟ್ಟಿರುತ್ತದೆ, ಅದು ತಾನಾಗಿ ಸರಿಹೋಗುವಂಥದ್ದಲ್ಲ.

ಇನ್ನೊಂದು ಮಾತು, ನೀವು ಮಂಡ್ಯದವರಾದ್ದರಿಂದ. ಕಬ್ಬು ಕಡಿದ ಬಯಲು ಎಷ್ಟೇ ಅನುಕೂಲವಾಗಿ ಕಂಡರೂ ಪಂಪ್‌ಸೆಟ್ಟುಗಳಿಗೆ ಹೋಗುವ ವಿದ್ಯುತ್ ತಂತಿಗಳು ಹತ್ತಿರವಿದ್ದರೆ ಅಲ್ಲಿ ಹಾರಿಸಲೇಬೇಡಿ. ನಿಮ್ಮ ಕೈಯಲ್ಲಿರುವುದು ಉಕ್ಕಿನ ತಂತಿ. ಗುಡುಗು ಕೇಳಿಸಿದ ದಿನವೂ ಬೇಡ.

ಫೇಲ್‌ಸೇಫನ್ನು ಮನೆಯಲ್ಲೇ ಪರೀಕ್ಷಿಸಿ: ಪ್ರೊಪೆಲ್ಲರ್ ಬಿಚ್ಚಿ, ಮೋಟಾರನ್ನು ಅರ್ಧ ವೇಗದಲ್ಲಿ ಓಡಿಸುತ್ತಾ ಟ್ರಾನ್ಸ್‌ಮಿಟರನ್ನು ಆರಿಸಿದಾಗ ಮೋಟಾರ್ ನಿಲ್ಲಬೇಕು. ರಿಸೀವರನ್ನು ಮತ್ತೆ ಬೈಂಡ್ ಮಾಡಿದಾಗಲೆಲ್ಲ, ಅಂದರೆ ಟ್ರಾನ್ಸ್‌ಮಿಟರಿಗೆ ಜೋಡಿಸಿದಾಗಲೆಲ್ಲ, ಈ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.