ಪಾದದ ಜೋಮು, ನಿದ್ದೆ ಇಲ್ಲ: ಬ್ರಾಹ್ಮಿ, ಅಶ್ವಗಂಧ ಬಳಸಿದವರು ಅನುಭವ ಹೇಳಿ

ಹುಬ್ಬಳ್ಳಿಯಿಂದ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ಶಾಲೆಯಲ್ಲಿ ಟೀಚರ್. ನಾಲ್ಕು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ, ಆಮೇಲೆ ನಿದ್ದೆ ಇಲ್ಲ. ಸಣ್ಣ ಸದ್ದಾದರೂ ಎದೆ ಢವಢವ ಅನ್ನುತ್ತದೆ. ಎರಡೂ ಪಾದ ಜೋಮು ಹಿಡಿದ ಹಾಗೆ ಇರುತ್ತವೆ. ಮನೆಯಲ್ಲಿ "ಇದು ನರಗಳ ವೀಕ್‌ನೆಸ್, ಬ್ರಾಹ್ಮಿ ತಗೋ, ಅಶ್ವಗಂಧ ತಗೋ" ಅಂತಾರೆ. ಯಾವುದು ತಗೊಳ್ಳಲಿ? ದಿನಚರಿಯಲ್ಲಿ ಏನು ಬದಲಾಯಿಸಲಿ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿಯಿಂದ:

ಅಕ್ಕಾ, ನೀವು ಹೇಳಿದ್ದರಲ್ಲಿ ಎರಡು ತೊಂದರೆ ಇವೆ. ನಿದ್ದೆ, ಗಾಬರಿ ಒಂದು ಕಡೆ. ಪಾದದ ಜೋಮು ಇನ್ನೊಂದು ಕಡೆ. ಎರಡಕ್ಕೂ ಸೇರಿಸಿ "ನರಗಳ ವೀಕ್‌ನೆಸ್" ಅಂತ ಹೆಸರಿಟ್ಟುಬಿಟ್ಟರೆ ಕಷ್ಟ. ನಮ್ಮ ಅಮ್ಮನ ವಿಷಯದಲ್ಲಿ ನಾವು ಮಾಡಿದ ತಪ್ಪೂ ಇದೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮ್ಮನಿಗೆ ಮೊದಲು ಬೆರಳ ತುದಿಯಲ್ಲಿ ಜುಮುಜುಮು ಅಂತಿತ್ತು. ಒಂದು ದಿನ ತೋಟದಿಂದ ಬಂದವಳ ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು ಎಲ್ಲಿ ಅಂತ ಕೇಳಿದಾಗಲೇ ಅವಳು ಕೆಳಗೆ ನೋಡಿದ್ದು. ಜಾರಿ ಬಿದ್ದದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಆಗಲೂ ನಮಗೆ ಬುದ್ಧಿ ಬರಲಿಲ್ಲ. ಎಣ್ಣೆ ತಿಕ್ಕಿದೆವು, ಯಾರೋ ಹೇಳಿದ ಚೂರ್ಣ ಕೊಟ್ಟೆವು, ಹೀಗೇ ಒಂದು ವರ್ಷ ಹೋಯಿತು.

ಕೊನೆಗೆ ಡಾಕ್ಟರ್ ಹತ್ತಿರ ಹೋದೆವು. ಅವರು ಕವೆಯ ಹಾಗಿರುವ ಒಂದು ಕಬ್ಬಿಣದ ಉಪಕರಣ ತೆಗೆದು, ಮೇಜಿಗೆ ತಟ್ಟಿ, ಅದು ಗುಂಯ್ ಅನ್ನುತ್ತಿದ್ದಾಗಲೇ ಅಮ್ಮನ ಕಾಲಿನ ಹೆಬ್ಬೆರಳಿನ ಮೇಲೆ ಇಟ್ಟರು. "ಏನು ಗೊತ್ತಾಗುತ್ತಿದೆ?" ಅಂದರು. "ತಣ್ಣಗಿದೆ" ಅಂದಳು ಅಮ್ಮ. ಅಷ್ಟೇ. ಅದರ ನಡುಕ ಅವಳಿಗೆ ಮುಟ್ಟಲೇ ಇಲ್ಲ. ಹಣೆಗೆ ಇಟ್ಟ ಕೂಡಲೇ ಬೆಚ್ಚಿ ಹಿಂದೆ ಸರಿದಳು. ಪಕ್ಕದಲ್ಲಿ ನಿಂತ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಬಂದದ್ದು 110. ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ 200ಕ್ಕಿಂತ ಕಡಿಮೆ ಅಂದರೆ ಕೊರತೆ ಅಂತ ಇತ್ತು. ಅಮ್ಮ ಸಸ್ಯಾಹಾರಿ, ಹಾಲು ಮೊಸರೂ ಕಡಿಮೆ. ಜೊತೆಗೆ ಶುಗರ್‌ಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ. ಆ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಬಿ12 ಮೈಗೆ ಹತ್ತುವುದು ಕಡಿಮೆ ಆಗುತ್ತದೆ. ನರಗಳ ಮೇಲಿನ ಹೊದಿಕೆ ಸರಿಯಾಗಿರಲು ಬಿ12 ಬೇಕೇ ಬೇಕು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಬ್ರಾಹ್ಮಿ ಅಂತ ಕರೆಯುವ ಒಂದೆಲಗದಲ್ಲಿ ಇಲ್ಲ, ಅಶ್ವಗಂಧದಲ್ಲೂ ಇಲ್ಲ. ಇಂಜೆಕ್ಷನ್ ಶುರುವಾದ ಮೇಲೆ ಜೋಮು ಬಹಳ ಮಟ್ಟಿಗೆ ಇಳಿಯಿತು. ಆದರೆ ಎಡಗಾಲಿನ ಎರಡು ಬೆರಳು ಇವತ್ತಿಗೂ ಮರಗಟ್ಟಿಯೇ ಇವೆ. ನಾವು ಕಳೆದ ಆ ಒಂದು ವರ್ಷ ವಾಪಸ್ ಬರುವುದಿಲ್ಲ.

ಅದಕ್ಕೆ ಮೊದಲು ಬಿ12, ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಪರೀಕ್ಷೆಗೆ ಮುಂಚೆ ಮೆಡಿಕಲ್ ಶಾಪಿನಲ್ಲಿ ಬಿ12 ಮಾತ್ರೆ ಕೇಳಿ ನುಂಗಬೇಡಿ. ರಕ್ತದಲ್ಲಿ ಸಂಖ್ಯೆ ಏರಿಬಿಟ್ಟರೆ ನಿಜವಾದ ಕೊರತೆ ಮುಚ್ಚಿಹೋಗುತ್ತದೆ.

ಹಾಗಂತ ಒಂದೆಲಗ ಬಿಡಿ ಅನ್ನುವುದಿಲ್ಲ. ನಮ್ಮಲ್ಲಿ ತಂಬುಳಿ ಇಲ್ಲದೆ ಬೇಸಿಗೆ ಕಳೆಯುವುದೇ ಇಲ್ಲ. ಒಂದು ಹಿಡಿ ಎಲೆ, ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ ಸೇರಿಸಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವುದಿಲ್ಲ. ಅನ್ನಕ್ಕೆ ಕಲಸಿ ಉಂಡರೆ ಹೊಟ್ಟೆ ತಂಪು, ಮಧ್ಯಾಹ್ನ ಮೈ ಹಗುರ. ಒಂದೇ ಮಾತು: ಬಚ್ಚಲ ನೀರು ಹರಿಯುವ ಕಡೆ ಬೆಳೆದದ್ದು ತರಬೇಡಿ. ಮಣ್ಣು ಹೋಗುವ ತನಕ ಮೂರ್ನಾಲ್ಕು ಸಲ ತೊಳೆಯಿರಿ.

ಪುತ್ತೂರಿನಿಂದ:

ನಾವು ಅದಕ್ಕೆ ತಿಮರೆ ಅನ್ನುವುದು. ಚಟ್ನಿಯೂ ಒಳ್ಳೆಯದಾಗುತ್ತದೆ. ಒಂದು ವಿಷಯ ಸೇರಿಸುತ್ತೇನೆ. ಬ್ರಾಹ್ಮಿ ಅನ್ನುವ ಹೆಸರಲ್ಲಿ ಎರಡು ಗಿಡ ಇವೆ. ದುಂಡಗೆ, ಅಂಚು ಕಚ್ಚುಕಚ್ಚಾಗಿ, ದಂಟಿಗೆ ಒಂದೇ ಎಲೆ ಇರುವುದು ಒಂದೆಲಗ. ಇನ್ನೊಂದು ನೀರುಬ್ರಾಹ್ಮಿ. ಅದರ ಎಲೆ ಸಣ್ಣ, ದಪ್ಪ, ತಿಂದರೆ ಕಹಿ. ನೆನಪಿನ ಶಕ್ತಿಯ ಬಗ್ಗೆ ಜಾಸ್ತಿ ಪರೀಕ್ಷೆಗಳು ನಡೆದದ್ದು ಈ ಎರಡನೆಯದರ ಮೇಲೆ. ಅಲ್ಲೂ ಜನ ಸುಮಾರು 12 ವಾರ ತಗೊಂಡ ಮೇಲೆ ನೋಡಿದ್ದು, ಎರಡು ದಿನದಲ್ಲಿ ಅಲ್ಲ. ನಾನು ಖಾಲಿ ಹೊಟ್ಟೆಗೆ ತಗೊಂಡು ವಾಕರಿಕೆ ಬಂದು ಬಿಟ್ಟೆ. ನನ್ನ ಅತ್ತಿಗೆ ಊಟದ ಜೊತೆ ತಗೊಳ್ತಾಳೆ, ಅವಳಿಗೆ ಏನೂ ಆಗಿಲ್ಲ. ಡಬ್ಬ ಕೊಳ್ಳುವಾಗ ಯಾವ ಬ್ರಾಹ್ಮಿ ಅಂತ ಓದಿ ನೋಡಿ.

ಬೆಂಗಳೂರಿನಿಂದ:

ಅಶ್ವಗಂಧದ ಬಗ್ಗೆ ನನ್ನದು ಕೆಟ್ಟ ಅನುಭವ. ಎಲ್ಲರಿಗೂ ಹಾಗೇ ಆಗುತ್ತದೆ ಅಂತಲ್ಲ. ನನ್ನ ತಮ್ಮ ರಾತ್ರಿ ಹಾಲಿನಲ್ಲಿ ಕುಡಿದು ಚೆನ್ನಾಗಿ ನಿದ್ದೆ ಮಾಡಿದ. ಒತ್ತಡ, ನಿದ್ದೆ ಎರಡಕ್ಕೂ ಸ್ವಲ್ಪ ಉಪಯೋಗ ಅಂತ ಸಣ್ಣ ಸಣ್ಣ ಅಧ್ಯಯನಗಳೂ ಹೇಳಿವೆ. ಆದರೆ ನಾನು ಥೈರಾಯ್ಡ್ ಮಾತ್ರೆ ತಗೊಳ್ಳುವವಳು. ಡಾಕ್ಟರ್‌ಗೆ ಹೇಳದೆ ಶುರು ಮಾಡಿದೆ. ಎರಡು ತಿಂಗಳಿಗೆ ಕೈ ನಡುಕ, ಎದೆ ಬಡಿತ, ಬೆವರು. ಗಾಬರಿ ಕಡಿಮೆ ಆಗಲಿ ಅಂತ ತಗೊಂಡೆ, ಗಾಬರಿಯೇ ಜಾಸ್ತಿ ಆಯಿತು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ತುಂಬಾ ಇಳಿದಿತ್ತು, ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದರೆ ಅದು ಇಳಿಯುತ್ತದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಮಾತ್ರೆ ಜೊತೆ ಸೇರಿ ಹೀಗಾಗಿರಬೇಕು ಅಂತ ಡಾಕ್ಟರ್ ಅಂದರು. ನಿಲ್ಲಿಸಿದ ಮೇಲೆ ಸರಿಹೋಯಿತು.

ಗರ್ಭಿಣಿಯರಿಗೆ ಇದು ಬೇಡ. ನಿದ್ದೆ ಮಾತ್ರೆ ತಗೊಳ್ಳುವವರು, ಲಿವರ್ ತೊಂದರೆ ಇರುವವರು ಕೇಳದೆ ಮುಟ್ಟಬಾರದು. ಅಪರೂಪಕ್ಕೆ ಕೆಲವರಿಗೆ ಕಾಮಾಲೆ ಬಂದದ್ದೂ ಇದೆ. ಡೆನ್ಮಾರ್ಕ್ ದೇಶದವರು 2023ರಲ್ಲಿ ಇದನ್ನು ನಿಷೇಧಿಸಿದರು. ನಮ್ಮವರು ತಲೆತಲಾಂತರದಿಂದ ಬಳಸುವ ಬೇರು ಅದು, ನಿಜ. ಆದರೆ ವೈದ್ಯರು ನಾಡಿ ಹಿಡಿದು ನೋಡಿ ಕೊಡುತ್ತಿದ್ದರು. ಈಗ ಹಾಗಲ್ಲ, ಮೊಬೈಲ್‌ನಲ್ಲಿ ಒತ್ತಿದರೆ ಮನೆಗೆ ಬರುತ್ತದೆ.

ಮಸ್ಕತ್‌ನಿಂದ, ನರ್ಸ್:

ಮೇಡಂ, ನಾಲ್ಕು ಮಾತು ಹೇಳುತ್ತೇನೆ. ಜೋಮು ಇರುವ ಪಾದಕ್ಕೆ ಬಿಸಿನೀರಿನ ಶಾಖ ಕೊಡಬೇಡಿ. ಸುಟ್ಟದ್ದು ಗೊತ್ತಾಗದೆ ಬೊಬ್ಬೆ ಎದ್ದು ಬಂದವರನ್ನು ತುಂಬಾ ನೋಡಿದ್ದೇನೆ. ಶುಗರ್ ಇದೆ ಅಂತ ಬಂದರೆ ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ಲೇಬಲ್ ಇಲ್ಲದ ಪುಡಿ, ಭಸ್ಮ ತಗೊಳ್ಳಬೇಡಿ. ಕೆಲವುದರಲ್ಲಿ ಸೀಸ, ಪಾದರಸ ಇರುತ್ತದೆ, ಅವೇ ನರಗಳನ್ನು ಹಾಳು ಮಾಡುತ್ತವೆ. ಬಿ6 ಇರುವ ಮಾತ್ರೆಯನ್ನೂ ಜಾಸ್ತಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಜೋಮು ಹುಟ್ಟುತ್ತದೆ. ನಿಮ್ಮ ವಯಸ್ಸಿಗೆ ಮುಟ್ಟು ಏರುಪೇರಾಗುವ ಸಮಯವೂ ಹೌದು. ರಾತ್ರಿ ಎಚ್ಚರ, ಎದೆ ಬಡಿತ ಅದರಿಂದಲೂ ಬರಬಹುದು, ಡಾಕ್ಟರ್‌ಗೆ ಅದನ್ನೂ ಹೇಳಿ.

ಇದ್ದಕ್ಕಿದ್ದಂತೆ ಒಂದು ಕಡೆ ಕೈಕಾಲು ಸೋತರೆ, ಮುಖ ವಾರೆಯಾದರೆ, ಮಾತು ತೊದಲಿದರೆ ಮನೆಮದ್ದು ಯೋಚಿಸಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಿ.

ದಾವಣಗೆರೆಯಿಂದ:

ತಂಗಿ, ನಾನು ನಿವೃತ್ತ ಮೇಷ್ಟ್ರು. ಮನೆಯವಳು ತೀರಿಕೊಂಡ ಮೇಲೆ ನನಗೂ ಎರಡು ಗಂಟೆಗೇ ಎಚ್ಚರ ಆಗುತ್ತಿತ್ತು. ಏನೇನೋ ಮಾಡಿದೆ, ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ಸಂಜೆ ಐದರ ಟೀ ಬಿಟ್ಟೆ. ಮಧ್ಯಾಹ್ನ ಊಟ ಆದ ಮೇಲೆ ಟೀ ಇಲ್ಲ, ಕಾಫಿ ಇಲ್ಲ. ಮೊದಲ ವಾರ ತಲೆನೋವು ಬಂತು, ಆಮೇಲೆ ಹೋಯಿತು. ಮಲಗುವ ಕೋಣೆಯ ಗಡಿಯಾರ ತೆಗೆದು ಹಾಲ್‌ಗೆ ಹಾಕಿದೆ. ಎಷ್ಟು ಗಂಟೆ ಅಂತ ನೋಡಿದ ಕೂಡಲೇ "ಇನ್ನು ಮೂರೇ ಗಂಟೆ ಉಳಿದಿದೆ" ಅಂತ ಲೆಕ್ಕ ಶುರುವಾಗುತ್ತದೆ, ಅಲ್ವಾ? ಫೋನೂ ಅಲ್ಲೇ. ನಿದ್ದೆ ಬರದಿದ್ದರೆ ಹೊರಳಾಡುವುದಿಲ್ಲ, ಎದ್ದು ಮಂದ ಬೆಳಕಿನಲ್ಲಿ ಕೂರುತ್ತೇನೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಎಂಟು ಎಣಿಸುತ್ತಾ ಹೊರಗೆ. ಉಸಿರು ನಿಧಾನವಾಗಿ ಬಿಟ್ಟಾಗ ಎದೆ ಬಡಿತ ಇಳಿಯುವುದು ಕೈ ಇಟ್ಟರೆ ಗೊತ್ತಾಗುತ್ತದೆ. ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಆರಕ್ಕೆ ಏಳುತ್ತೇನೆ, ಎಳೆ ಬಿಸಿಲಲ್ಲಿ ಅರ್ಧ ಗಂಟೆ ನಡೆಯುತ್ತೇನೆ.

ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ. ಆ ಕಡೆಯ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ಅರ್ಧ ಗಂಟೆ ಕೇಳಿಸಿಕೊಂಡಳು. ಅವತ್ತು ಬೆಳಗಿನ ತನಕ ಮಲಗಿದೆ. ಮನಸ್ಸು ಭಾರ ಅನ್ನಿಸಿದರೆ ಸಂಕೋಚ ಬೇಡ ತಂಗಿ.

ಹುಬ್ಬಳ್ಳಿಯಿಂದ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಚಪ್ಪಲಿಯ ವಿಷಯ ಓದಿ ಕೈ ತಣ್ಣಗಾಯಿತು. ಹೋದ ವಾರ ಸ್ಕೂಟಿ ಹತ್ತುವಾಗ ನನ್ನದೂ ಜಾರಿತ್ತು, ಸುಮ್ನೆ ಸಡಿಲ ಆಗಿರಬೇಕು ಅಂದುಕೊಂಡಿದ್ದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗುತ್ತೇನೆ. ಅಶ್ವಗಂಧದ ಡಬ್ಬ ತೆಗೆಯದೆ ಹಾಗೇ ಇಟ್ಟಿದ್ದೇನೆ. ಗಡಿಯಾರ ಈಗಲೇ ಹೊರಗೆ ಹೋಯಿತು. ಶಿರಸಿಯ ತಂಗಿ, ತಂಬುಳಿಗೆ ಮಜ್ಜಿಗೆ ಹುಳಿ ಇರಬೇಕಾ?

ಶಿರಸಿಯಿಂದ:

ಬೇಡ ಅಕ್ಕಾ, ಅವತ್ತಿನ ಸಿಹಿ ಮಜ್ಜಿಗೆಯೇ ಆಗಬೇಕು. ಹುಳಿ ಆದರೆ ಸೊಪ್ಪಿನ ಪರಿಮಳ ಹೋಗುತ್ತದೆ. ರಿಪೋರ್ಟ್ ಬಂದ ಮೇಲೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.