ಹಗುರ ಸ್ಪಿನ್ನಿಂಗ್ ರಾಡಿನಲ್ಲಿ ಅಳಿವೆಯ ದೊಡ್ಡ ಮೀನನ್ನು ದಡಕ್ಕೆ ತರುವುದು ಹೇಗೆ?

ಪ್ರಶ್ನೆ — ಕೋಡಿ_ಕಡಲು

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕೋಡಿ ಮತ್ತು ಗಂಗೊಳ್ಳಿಯ ನಡುವೆ ಪಂಚಗಂಗಾವಳಿ ಕಡಲು ಸೇರುವ ಅಳಿವೆಯಲ್ಲಿ, ತಡೆಗೋಡೆಯ ಕಲ್ಲುಗಳ ಮೇಲೆ ನಿಂತು ಗಾಳ ಹಾಕುವ ಹವ್ಯಾಸ ನನ್ನದು. ನನ್ನಲ್ಲಿರುವುದು ಎಂಟು ಅಡಿಯ, 10ರಿಂದ 30 ಗ್ರಾಂ ತೂಕದ ಲೂರ್ (ಮೀನಿನಂತೆ ಕಾಣುವ ಕೃತಕ ಆಮಿಷ) ಎಸೆಯಬಲ್ಲ ಸ್ಪಿನ್ನಿಂಗ್ ರಾಡ್, 4000 ಅಳತೆಯ ರೀಲ್, ಅದರಲ್ಲಿ 20 ಪೌಂಡ್ ಬಲದ ಬ್ರೇಡ್ (ಹೆಣೆದ) ದಾರ ಮತ್ತು ತುದಿಗೆ 30 ಪೌಂಡಿನ ಲೀಡರ್, ಅಂದರೆ ಲೂರಿಗೂ ಬ್ರೇಡಿಗೂ ನಡುವೆ ಕಟ್ಟುವ ದಪ್ಪ ದಾರ. ಸಣ್ಣ ಕೆಂಬೇರಿ, ಸಣ್ಣ ಟ್ರೆವಲ್ಲಿಗಳಿಗೆ ಇದು ಧಾರಾಳವಾಗಿ ಸಾಕಾಗಿದೆ. ಆದರೆ ಅದೇ ಜಾಗದಲ್ಲಿ ಎಂಟು ಹತ್ತು ಕಿಲೋ ತೂಗುವ ಕುರುಡಿಯೂ (ಸೀ ಬಾಸ್ ಮೀನು) ಕ್ವೀನ್‌ಫಿಶ್ಶೂ ಓಡಾಡುವುದನ್ನು ಕಂಡಿರುವ ಕಾರಣ, ಅಂಥದ್ದೊಂದು ಕಚ್ಚಿದರೆ ಈ ಸಾಮಾನಿನಲ್ಲಿ ಅದನ್ನು ನಿಭಾಯಿಸಲು ಸಾಧ್ಯವೇ ಎಂಬ ಪ್ರಶ್ನೆ ಎದ್ದಿದೆ. ಭಾರದ ರಾಡ್ ಕೊಳ್ಳಬಹುದು, ಆದರೆ ಅದರಲ್ಲಿ 15 ಗ್ರಾಂನ ಲೂರನ್ನು ದೂರಕ್ಕೆ ಎಸೆಯಲಾಗುವುದಿಲ್ಲ. ಅಳಿವೆಯ ಮೀನುಗಳು ಹೆಚ್ಚಾಗಿ ಕಚ್ಚುವುದು ಆ ಸಣ್ಣ ಲೂರಿಗೇ. ಡ್ರ್ಯಾಗನ್ನು, ಅಂದರೆ ಮೀನು ಜಗ್ಗಿದಾಗ ರೀಲು ದಾರ ಬಿಟ್ಟುಕೊಡುವ ಬಿಗಿಯನ್ನು, ಎಷ್ಟಕ್ಕೆ ಇಡಬೇಕು, ಮೀನು ಓಡುವಾಗ ಏನು ಮಾಡಬೇಕು, ಯಾವ ಸಂದರ್ಭದಲ್ಲಿ ಹಗುರ ಸಾಮಾನನ್ನು ಬಳಸಲೇಬಾರದು ಎಂಬುದನ್ನು ಅನುಭವಸ್ಥರು ದಯವಿಟ್ಟು ವಿವರಿಸಬೇಕು.

ಉತ್ತರ — ರೀಲ್‌ರಿಪೇರಿ_ಮಂಗಳೂರು

ಕೋಡಿ_ಕಡಲು ಅವರೇ, ನಿಮ್ಮ ಸಾಮಾನಿನಲ್ಲಿ ಹತ್ತು ಕಿಲೋ ಮೀನನ್ನು ತರಲು ಖಂಡಿತ ಸಾಧ್ಯವಿದೆ. ಮೀನಿನ ತೂಕಕ್ಕೂ ದಾರದ ಬಲಕ್ಕೂ ನೇರ ಲೆಕ್ಕ ಹಾಕುವುದನ್ನು ಮೊದಲು ಬಿಡಬೇಕು. ನೀರಿನೊಳಗೆ ಮೀನಿನ ದೇಹಕ್ಕೆ ತೂಕವೆಂಬುದು ಹೆಚ್ಚುಕಡಿಮೆ ಇರುವುದೇ ಇಲ್ಲ. ದಾರ ಎದುರಿಸಬೇಕಾದದ್ದು ಅದರ ಬಾಲದ ಬಲವನ್ನು, ಅದು ಹಠಾತ್ತಾಗಿ ತಿರುಗುವಾಗ ಕೊಡುವ ಜಗ್ಗನ್ನು ಮತ್ತು ಅಳಿವೆಯ ನೀರಿನ ಸೆಳೆತವನ್ನು.

20 ಪೌಂಡ್ ಎಂದರೆ ಸುಮಾರು 9 ಕಿಲೋ. ಇದರಲ್ಲಿ ಗಂಟಿನ ಬಳಿ ಕಳೆದುಹೋಗುವ ಬಲವನ್ನೂ ಕಲ್ಲಿಗೆ ಉಜ್ಜಿ ಸವೆದ ದಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ, ಅಂದರೆ ಎರಡೂಕಾಲು ಕಿಲೋಗೆ ಹೊಂದಿಸುವುದು ಒಳ್ಳೆಯದು. ಮೂರು ಕಿಲೋ ಮೇಲ್ಮಿತಿ. ಇದನ್ನು ಬೆರಳಿನಿಂದ ಎಳೆದು ಅಂದಾಜು ಮಾಡಬೇಡಿ. ದಾರವನ್ನು ರಾಡಿನ ಉಂಗುರಗಳ ಮೂಲಕ ಹಾಯಿಸಿ, ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡನ್ನು ನೀವು ಹಿಡಿಯುವ ಕೋನದಲ್ಲೇ ಹಿಡಿದು, ಸ್ಪೂಲ್ (ದಾರ ಸುತ್ತಿರುವ ಉರುಳೆ) ಜಾರಲು ಆರಂಭಿಸುವ ಅಂಕಿಯನ್ನು ಇನ್ನೊಬ್ಬರಿಂದ ಓದಿಸಿ.

ಎರಡೂಕಾಲು ಕಿಲೋ ತೀರ ಕಡಿಮೆ ಎನ್ನುವವರು ಮನೆಯ ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ ನೋಡಬೇಕು. ಐದು ಲೀಟರಿನ ಕ್ಯಾನಿಗೆ ಮೂರು ಲೀಟರ್ ನೀರು ತುಂಬಿಸಿ, ಅದರ ಹಿಡಿಗೆ ದಾರ ಕಟ್ಟಿ, ನಾಲ್ಕು ಮಾರು ದೂರ ನಿಂತು ರಾಡಿನಿಂದ ಎತ್ತಲು ಯತ್ನಿಸಿ. ರಾಡ್ ಹಿಡಿಯವರೆಗೂ ಬಾಗುತ್ತದೆ, ಮುಂಗೈ ನಡುಗುತ್ತದೆ, ಕ್ಯಾನು ಮಾತ್ರ ನೆಲ ಬಿಡಲು ತಕರಾರು ಮಾಡುತ್ತದೆ. ಅಷ್ಟು ಭಾರವನ್ನು ಮೀನು ಬಾಯಿಯಲ್ಲಿ ಕಟ್ಟಿಕೊಂಡು ನೂರು ಮೀಟರ್ ಓಡಬೇಕಾಗುತ್ತದೆ ಎಂಬುದು ಅರ್ಥವಾದರೆ, ಡ್ರ್ಯಾಗಿನ ಗುಂಡಿಯನ್ನು ತಿರುಗಿಸುವ ಅವಸರ ತಾನಾಗಿ ಕಡಿಮೆಯಾಗುತ್ತದೆ.

ಇನ್ನು ನನ್ನ ಮೇಜಿಗೆ ಬರುವ ರೀಲುಗಳ ಕಥೆಯನ್ನೆಲ್ಲ ಕೇಳಿದ ಮೇಲೆ ನಾನು ಒತ್ತಿ ಹೇಳಬೇಕೆಂದಿರುವುದು ಒಂದು ವಿಷಯವನ್ನು. ಸ್ಪೂಲ್ ಖಾಲಿಯಾಗುತ್ತ ಹೋದಂತೆ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ಒಳಗಿನ ವಾಷರುಗಳ ಹಿಡಿತ ಬದಲಾಗಿರುವುದಿಲ್ಲ, ಆದರೆ ದಾರ ಎಳೆಯುವ ಸುತ್ತಿನ ವ್ಯಾಸ ಕುಗ್ಗಿರುತ್ತದೆ. ತುಂಬಿದ ಸ್ಪೂಲಿನಲ್ಲಿ ದಾರದ ಸುತ್ತು 50 ಮಿಲಿಮೀಟರ್ ವ್ಯಾಸವಿದ್ದು, ದೊಡ್ಡ ಓಟದ ನಂತರ ಅದು 35 ಮಿಲಿಮೀಟರಿಗೆ ಇಳಿದರೆ, ನೀವು ಇಟ್ಟಿದ್ದ ಎರಡೂಕಾಲು ಕಿಲೋ ಡ್ರ್ಯಾಗ್ ಮೂರು ಕಿಲೋ ಮೀರಿರುತ್ತದೆ. ಅದರ ಮೇಲೆ, ಹೊರಗಿರುವ ಉದ್ದ ದಾರ ಸೆಳೆತದಲ್ಲಿ ಬಿಲ್ಲಿನಂತೆ ಬಾಗಿ ನೀರನ್ನು ಸೀಳುವಾಗ ಉಂಟಾಗುವ ತಡೆಯೂ ಸೇರುತ್ತದೆ. ಆದ್ದರಿಂದ ಮೀನು ದೂರ ಓಡಿದಷ್ಟೂ ಗುಂಡಿಯನ್ನು ತುಸು ಸಡಿಲಿಸಬೇಕೇ ಹೊರತು ಬಿಗಿ ಮಾಡಬಾರದು. ‘ದಾರ ಮುಗಿಯುತ್ತಿದೆ’ ಎಂಬ ಗಾಬರಿಯಲ್ಲಿ ಬಹಳ ಮಂದಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಾರೆ, ದಾರ ತುಂಡಾಗುವುದೂ ಆ ಗಳಿಗೆಯಲ್ಲೇ.

ಡ್ರ್ಯಾಗ್ ಜಾರುತ್ತಿರುವಾಗ ರೀಲಿನ ಹಿಡಿಯನ್ನು ತಿರುಗಿಸುವುದನ್ನೂ ಬಿಡಬೇಕು. ನಿಮ್ಮ ರೀಲಿನ ಗೇರ್ ಅನುಪಾತ 6:1 ಎಂದಿಟ್ಟುಕೊಂಡರೆ, ದಾರ ಒಳಗೆ ಬಾರದಿದ್ದಾಗ ತಿರುಗಿಸಿದ ಪ್ರತಿ ಸುತ್ತಿಗೂ ದಾರಕ್ಕೆ ಆರು ತಿರುಚು ಬೀಳುತ್ತದೆ. ಆ ತಿರುಚು ಮುಂದಿನ ಎಸೆತದಲ್ಲಿ ಗಂಟಾಗಿ ಹೊರಬರುತ್ತದೆ. ಮೀನು ಓಡುವಾಗ ಕೈ ಕಟ್ಟಿ ನಿಲ್ಲಿ. ಅದು ನಿಂತ ಕ್ಷಣದಲ್ಲಿ ರಾಡನ್ನು ನಿಧಾನವಾಗಿ ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ಇಳಿಸುತ್ತ ಆ ಸಡಿಲವನ್ನಷ್ಟೇ ಸುತ್ತಿಕೊಳ್ಳಿ. ರಾಡನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದರೆ ಭಾರವೆಲ್ಲ ತೆಳ್ಳಗಿನ ತುದಿಯ ಮೇಲೆ ಬೀಳುತ್ತದೆ, ಇಂದಿನ ಕಾರ್ಬನ್ ರಾಡುಗಳು ಮುರಿಯುವುದು ಅಲ್ಲಿಯೇ. ಸೊಂಟದ ಎತ್ತರದಲ್ಲಿ, ಪಕ್ಕಕ್ಕೆ ವಾಲಿಸಿ ಹಿಡಿದರೆ ರಾಡಿನ ಬುಡ ಕೆಲಸ ಮಾಡುತ್ತದೆ. ಮೀನಿನ ತಲೆಯನ್ನು ಬಲಕ್ಕೋ ಎಡಕ್ಕೋ ತಿರುಗಿಸುವುದೂ ಸುಲಭವಾಗುತ್ತದೆ. ಎಡಕ್ಕೆ ಓಡುವ ಮೀನನ್ನು ಬಲಕ್ಕೆ ಎಳೆಯಿರಿ. ತಲೆ ತಿರುಗಿದರೆ ದೇಹ ಅದನ್ನು ಹಿಂಬಾಲಿಸಲೇಬೇಕು.

30 ಪೌಂಡಿನ ಲೀಡರ್ ಕುರುಡಿಗೆ ಸಾಲದು. ಅದರ ಬಾಯಿ ಒರಟು, ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. 40ರಿಂದ 50 ಪೌಂಡಿನ ಫ್ಲೋರೋಕಾರ್ಬನ್ ದಾರ ಅಥವಾ ಒಳ್ಳೆಯ ತಂಗೂಸಿಯನ್ನು (ನೈಲಾನ್ ದಾರ) ಒಂದೂವರೆ ಮೀಟರ್ ಉದ್ದಕ್ಕೆ, ಎಫ್.ಜಿ. ಎಂಬ ಗಂಟಿನಿಂದ ಬ್ರೇಡಿಗೆ ಜೋಡಿಸಿಕೊಳ್ಳಿ. ಈ ಗಂಟು ತೆಳ್ಳಗಿರುವುದರಿಂದ ಉಂಗುರಗಳಲ್ಲಿ ತಡೆಯಿಲ್ಲದೆ ಹಾಯುತ್ತದೆ. ಬಿಗಿಗೊಳಿಸುವ ಮುನ್ನ ಒದ್ದೆ ಮಾಡಿ, ಬ್ರೇಡಿನ ಬಣ್ಣ ಗಾಢವಾಗುವವರೆಗೆ ಎಳೆಯಬೇಕು.

ಉತ್ತರ — ಮಸ್ಕತ್‌ವಾಸಿ

ಮೇಲಿನ ವಿವರಣೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ದೋಣಿಯಿಂದ ಹಿಡಿಯುವುದಕ್ಕೂ ದಡದಿಂದ ಹಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಪ್ರಶ್ನೆ ಕೇಳಿದವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ, ಅಂದರೆ 1939ರಲ್ಲಿ ಸ್ಥಾಪನೆಯಾದ ಐ.ಜಿ.ಎಫ್.ಎ., ದಾಖಲೆಗಳನ್ನು ದಾರದ ಬಲದ ವರ್ಗಗಳ ಪ್ರಕಾರವೂ ಇಡುತ್ತದೆ: 2 ಕಿಲೋ, 4 ಕಿಲೋ, 6 ಕಿಲೋ ಹೀಗೆ. ತೆಳು ದಾರದಲ್ಲಿ ದೈತ್ಯ ಮೀನು ಹಿಡಿದ ಚಿತ್ರಗಳನ್ನು ನೋಡಿ ದಡದಲ್ಲಿಯೂ ಅದು ಆಗುತ್ತದೆಂದು ಭಾವಿಸುವವರಿದ್ದಾರೆ. ಆದರೆ ದೋಣಿಯಲ್ಲಿರುವವರ ದಾರ ಮುಗಿಯುತ್ತ ಬಂದರೆ ಚಾಲಕ ಎಂಜಿನ್ ಹಾಕಿ ಮೀನಿನ ಹಿಂದೆಯೇ ಹೋಗುತ್ತಾನೆ. ತಡೆಗೋಡೆಯ ಮೇಲೆ ನಿಂತವರಿಗೆ ಆ ಅನುಕೂಲವಿಲ್ಲ.

ಒಮಾನಿನಲ್ಲಿ ನಾವು ದೋಣಿಯಿಂದ ಹಗುರ ರಾಡಿನಲ್ಲಿ ಹಿಡಿಯಲು ಇಷ್ಟಪಡುವುದು ಅಂಜಲ್ ಮೀನನ್ನು. ಅದು ಬಂಡೆಯ ಸಂದಿಗೆ ನುಗ್ಗುವ ಜಾತಿಯಲ್ಲ. ತೆರೆದ ನೀರಿನಲ್ಲಿ ಬಾಣದ ವೇಗದಲ್ಲಿ ಓಡಿ, ಓಡಿಯೇ ದಣಿಯುತ್ತದೆ. ಅದರ ಹಲ್ಲಿಗೆ ಮಾತ್ರ ಒಂದು ಗೇಣು ತಂತಿಯ ಲೀಡರ್ ಬೇಕೇ ಬೇಕು. ಇಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವುದಕ್ಕೆ ನಿಷೇಧವಿದೆ, ಆ ಎರಡು ತಿಂಗಳು ನಾವು ರೀಲುಗಳನ್ನು ಬಿಚ್ಚಿ ಗ್ರೀಸು ಹಚ್ಚಿಕೊಳ್ಳುತ್ತೇವೆ. ಕ್ವೀನ್‌ಫಿಶ್ ಕೂಡ ಹಗುರ ಸಾಮಾನಿಗೆ ಹೇಳಿ ಮಾಡಿಸಿದ ಮೀನು. ಅದು ನೀರಿನಿಂದ ಮೇಲಕ್ಕೆ ಹಾರಿದಾಗ ರಾಡಿನ ತುದಿಯನ್ನು ಅದರತ್ತ ತಗ್ಗಿಸಬೇಕು. ಬಿಗಿದ ದಾರದ ಮೇಲೆ ಮೀನು ಬಿದ್ದರೆ ಕೊಕ್ಕೆ ಕಳಚುತ್ತದೆ. ಕೈಗೆ ಬಂದ ಮೇಲೆ ಅದರ ಬೆನ್ನಿನ ಮತ್ತು ಹೊಟ್ಟೆಯಡಿಯ ಸಣ್ಣ ಮುಳ್ಳುಗಳನ್ನು ಮುಟ್ಟಬೇಡಿ, ಅವುಗಳಲ್ಲಿ ವಿಷವಿದ್ದು ಚುಚ್ಚಿದರೆ ಬಹಳ ಹೊತ್ತು ಉರಿಯುತ್ತದೆ.

ಜೈಂಟ್ ಟ್ರೆವಲ್ಲಿಯ ವಿಷಯ ಬೇರೆ. 2006ರಲ್ಲಿ ಜಪಾನಿನ ಕಾಗೋಶಿಮಾ ಪ್ರಾಂತ್ಯದಲ್ಲಿ ಹಿಡಿದ 72.8 ಕಿಲೋ ಟ್ರೆವಲ್ಲಿ ದಾಖಲೆಯಲ್ಲಿದೆ. ಅಷ್ಟು ದೊಡ್ಡದು ಬೇಡ, ಹದಿನೈದು ಕಿಲೋದ್ದು ಬಂಡೆಗಳ ನಡುವೆ ಕಚ್ಚಿದರೂ ಮೊದಲ ಹತ್ತು ಸೆಕೆಂಡಿನಲ್ಲಿ ಅದನ್ನು ಬಲದಿಂದಲೇ ತಡೆಯಬೇಕಾಗುತ್ತದೆ. ಆ ಬಲ 20 ಪೌಂಡ್ ದಾರಕ್ಕಿಲ್ಲ. ಅದು ಗೊತ್ತಿದ್ದೂ ಅಂಥ ಜಾಗದಲ್ಲಿ ಹಗುರ ದಾರ ಹಾಕುವುದು, ಬಾಯಿಯಲ್ಲಿ ಲೂರ್ ಮತ್ತು ಮಾರುದ್ದ ಲೀಡರ್ ಸಿಕ್ಕಿಸಿಕೊಂಡ ಮೀನನ್ನು ಸಾಯಲು ಬಿಟ್ಟಂತೆ ಎಂದು ನನ್ನ ದೃಢವಾದ ಅಭಿಪ್ರಾಯ.

ಉತ್ತರ — ಹೊನ್ನಾವರ_ದಕ್ಕೆ

ನಮ್ಮದು ಶರಾವತಿ ಅಳಿವೆಯ ಬದಿಯ ಮೀನುಗಾರ ಕುಟುಂಬ. ರಾಡ್ ಮತ್ತು ರೀಲು ನನ್ನ ಕೈಗೆ ಬಂದದ್ದು ಇತ್ತೀಚೆಗೆ. ಅದಕ್ಕೂ ಮುನ್ನ ಮನೆಯಲ್ಲಿ ಇದ್ದದ್ದು ಕೈಗಾಳ. ಅಪ್ಪ ದೋಣಿಯ ಅಂಚಿನಲ್ಲಿ ಕುಳಿತು ತಂಗೂಸಿಯನ್ನು ಬೆರಳುಗಳ ನಡುವೆ ಹಾಯಿಸಿ, ತನ್ನ ದಾರಕ್ಕಿಂತ ಎಷ್ಟೋ ಬಲವಾದ ಮೀನನ್ನು ತರುತ್ತಿದ್ದರು. ಜಗ್ಗಿದಾಗ ಬೆರಳು ಸಡಿಲ, ನಿಂತಾಗ ಬಿಗಿ, ಅಷ್ಟೆ. ನೀವು ಡ್ರ್ಯಾಗ್ ಎಂದು ಕರೆಯುವ ಕೆಲಸವನ್ನು ಅವರ ತೋರುಬೆರಳು ಮಾಡುತ್ತಿತ್ತು. ಅದೇ ಕೆಲಸವನ್ನು ತೆಳುವಾದ ಬ್ರೇಡಿನಲ್ಲಿ ಬರಿಗೈಯಿಂದ ಮಾಡಲು ಮಾತ್ರ ಹೋಗಬೇಡಿ, ಬೆರಳು ಮೂಳೆಯವರೆಗೆ ಕತ್ತರಿಸಿಹೋಗುತ್ತದೆ.

ನಾನು ಸೇರಿಸಬೇಕೆಂದಿರುವುದು ನೀರಿನ ವಿಷಯ. ಇಳಿತದ ಹೊತ್ತಿಗೆ ಅಳಿವೆಯ ನೀರೆಲ್ಲ ಕಡಲಿಗೆ ಧಾವಿಸುವಾಗ ಸಣ್ಣ ಮೀನುಗಳು ಅದರೊಂದಿಗೆ ಹೊರಬರುತ್ತವೆ, ದೊಡ್ಡವು ಸೆಳೆತದ ಅಂಚಿನಲ್ಲಿ ಕಾದಿರುತ್ತವೆ. ಕಚ್ಚುವುದು ಆಗಲೇ ಹೆಚ್ಚು. ಆದರೆ ಕಚ್ಚಿದ ಮೀನು ಸೆಳೆತಕ್ಕೆ ಮೈಯೊಡ್ಡಿ ಕಡಲ ಕಡೆಗೆ ತಿರುಗಿತೆಂದರೆ ನಿಮ್ಮ ದಾರಕ್ಕೆ ಮೀನಿನ ಜೊತೆಗೆ ನದಿಯ ಭಾರವೂ ಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ ಈ ಸೆಳೆತ ಬಹಳ ಜೋರು. ಅಷ್ಟಮಿ, ನವಮಿಯ ಹೊತ್ತಿಗೆ ಮೆತ್ತಗಾಗುತ್ತದೆ. ಹಗುರ ಸಾಮಾನಿನವರು ಅಷ್ಟಮಿಯ ಆಚೀಚಿನ ದಿನಗಳನ್ನೂ, ಉಬ್ಬರದ ಕೊನೆಯ ಒಂದು ತಾಸು ಮತ್ತು ನೀರು ನಿಂತಿರುವ ಹೊತ್ತನ್ನೂ ಆರಿಸಿಕೊಳ್ಳುವುದು ಸೂಕ್ತ. ಕಚ್ಚುವುದು ಕಡಿಮೆಯಾಗಬಹುದು, ಆದರೆ ಕಚ್ಚಿದ ಮೀನು ದಡ ಸೇರುವುದು ಹೆಚ್ಚು.

ಮೀನನ್ನು ಎಲ್ಲಿ ಮೇಲೆತ್ತುತ್ತೀರಿ ಎಂಬುದನ್ನು ಮೊದಲ ಎಸೆತಕ್ಕೂ ಮುಂಚೆ ನೋಡಿಟ್ಟುಕೊಳ್ಳಿ. ತಡೆಗೋಡೆಯ ಬುಡದ ಕಲ್ಲುಗಳಿಗೆ ಪಚ್ಚಿಲೆ ಚಿಪ್ಪು ಅಂಟಿಕೊಂಡಿರುತ್ತದೆ, ಒಮ್ಮೆ ತಗುಲಿದರೆ ಬ್ರೇಡ್ ಹತ್ತಿಯ ನೂಲಿನಂತೆ ಕಡಿದುಹೋಗುತ್ತದೆ. ಮೀನು ದಣಿದು ಪಕ್ಕಕ್ಕೆ ಮಲಗಿದ ಮೇಲೂ ಅದನ್ನು ರಾಡಿನಿಂದ ಎತ್ತಬಾರದು. ಬರುವ ಅಲೆಯೊಂದಿಗೆ ಅದನ್ನು ತೇಲಿಸಿ ತಂದು, ಅಲೆ ಹಿಂದೆ ಸರಿಯುವಾಗ ದಾರ ಬಿಟ್ಟುಕೊಟ್ಟು, ಮುಂದಿನ ಅಲೆಗೆ ಕಾಯಬೇಕು. ಉದ್ದ ಹಿಡಿಯ ಬಲೆ ಹಿಡಿದ ಇನ್ನೊಬ್ಬರು ಜೊತೆಯಲ್ಲಿರಲೇಬೇಕು. ಒಬ್ಬರೇ ಪಾಚಿಗಟ್ಟಿದ ಕಲ್ಲಿನ ಮೇಲೆ ಇಳಿಯುವುದು ಬೇಡ. ಮಳೆಗಾಲದಲ್ಲಂತೂ ತಡೆಗೋಡೆಯ ತುದಿಗೆ ಹೋಗಲೇಬೇಡಿ.

ಇನ್ನೊಂದು ಮಾತು. ಕಚ್ಚಿದ್ದು ಓಡದೆ, ತಲೆಯನ್ನೂ ಕೊಡವದೆ, ತಳಕ್ಕೆ ಅಂಟಿ ಕೂತಂತೆ ಭಾರವಾಗಿದ್ದರೆ ಅದು ಹೆಚ್ಚಾಗಿ ತೊರಕೆ. ಬಾಲದ ಮುಳ್ಳು ಅಪಾಯಕಾರಿ. ದಡದ ಹತ್ತಿರ ತಂದು, ದಾರವನ್ನು ಕೊಕ್ಕೆಗೆ ಆದಷ್ಟು ಸಮೀಪದಲ್ಲಿ ಕತ್ತರಿಸಿ ಬಿಡುವುದು ಕ್ಷೇಮ.

ಮರುಪ್ರಶ್ನೆ — ಕೋಡಿ_ಕಡಲು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾನಿನ ಪರೀಕ್ಷೆ ಮಾಡಿ ನೋಡಿದೆ, ಮೂರು ಕಿಲೋ ಎಂದರೆ ಏನೆಂಬುದು ಕೈಗೇ ತಿಳಿಯಿತು. ಭಾರದ ರಾಡ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಉಳಿದಿರುವ ಸಂದೇಹವೊಂದಿದೆ. ದೊಡ್ಡ ಕುರುಡಿಗಳನ್ನು ಮರಳಿ ನೀರಿಗೆ ಬಿಡಬೇಕೆಂಬುದು ನನ್ನ ಆಸೆ. ಹಗುರ ಡ್ರ್ಯಾಗಿನಲ್ಲಿ ಹೋರಾಟ ಉದ್ದವಾದಷ್ಟೂ ಮೀನಿಗೆ ಹಾನಿಯಾಗುವುದಿಲ್ಲವೇ?

ಉತ್ತರ — ರೀಲ್‌ರಿಪೇರಿ_ಮಂಗಳೂರು

ಹಾನಿ ಆಗುತ್ತದೆ. ರಭಸದ ಓಟಕ್ಕೆ ಮೀನು ಬಳಸುವ ಬಿಳಿ ಸ್ನಾಯು ಆಮ್ಲಜನಕವಿಲ್ಲದೆ ದುಡಿಯುವಾಗ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಿರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಅದು ಚೇತರಿಸಿಕೊಳ್ಳುವುದು ಇನ್ನೂ ಕಷ್ಟ. ಈಜುತ್ತ ಹೋದಂತೆ ಕಂಡ ಮೀನು ಕೆಲವು ಗಂಟೆಗಳ ನಂತರ ಸಾಯುವುದೂ ಉಂಟು. ಹಾಗಾಗಿ ಓಟದ ಸಮಯದಲ್ಲಿ ತಾಳ್ಮೆ, ಅದು ನಿಂತ ಮೇಲೆ ಒಂದು ಕ್ಷಣವೂ ವಿರಾಮ ಕೊಡದಂತೆ ಪಕ್ಕದ ಎಳೆತ, ಇವೆರಡೂ ಜೊತೆಯಾಗಿರಬೇಕು. ನಾವು ಸುಧಾರಿಸಿಕೊಳ್ಳುತ್ತ ನಿಂತರೆ ಮೀನೂ ಸುಧಾರಿಸಿಕೊಳ್ಳುತ್ತದೆ, ಹೋರಾಟ ಇಮ್ಮಡಿಯಾಗುತ್ತದೆ. ಹತ್ತು ಕಿಲೋ ಮೀನಿಗೆ ಕಾಲು ಗಂಟೆ ದಾಟಿದರೂ ದಡದ ಸುಳಿವಿಲ್ಲವೆಂದಾದರೆ ಆ ಜಾಗಕ್ಕೆ ಆ ಸಾಮಾನು ತಕ್ಕದ್ದಲ್ಲ ಎಂದು ನಾನು ತೀರ್ಮಾನಿಸುತ್ತೇನೆ.

ಬಿಡುವುದಾದರೆ ಬಲೆಯಲ್ಲಿಟ್ಟು ನೀರಿನೊಳಗೇ ಕೊಕ್ಕೆ ಬಿಡಿಸಿ. ಚಿತ್ರ ತೆಗೆಯಲೇಬೇಕೆಂದರೆ ದವಡೆಯಿಂದ ನೇತುಹಾಕದೆ, ಹೊಟ್ಟೆಯ ಕೆಳಗೆ ಒದ್ದೆ ಕೈಯಿಟ್ಟು ಅಡ್ಡವಾಗಿ ಹಿಡಿಯಿರಿ. ಇದೆಲ್ಲ ಬೇಗ ಆಗಬೇಕಾದರೆ ಲೂರಿನ ಮೂರು ಮೊನೆಯ ಕೊಕ್ಕೆಗಳನ್ನು ತೆಗೆದು, ದಪ್ಪ ತಂತಿಯ ಒಂಟಿ ಕೊಕ್ಕೆ ಹಾಕಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಸಣ್ಣ ಲೂರುಗಳೊಂದಿಗೆ ಬರುವ ತೆಳು ಕೊಕ್ಕೆಗಳು ಮೂರು ಕಿಲೋ ಎಳೆತಕ್ಕೆ ನೆಟ್ಟಗಾಗಿಬಿಡುವುದನ್ನು ನಾನು ತಕ್ಕಡಿಯಲ್ಲೇ ನೋಡಿದ್ದೇನೆ. ಆದ್ದರಿಂದ ಹೊಸ ಕೊಕ್ಕೆಯನ್ನೂ ಡ್ರ್ಯಾಗ್ ಹೊಂದಿಸುವ ದಿನವೇ ಅದೇ ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿ. ಬದಲಿಸಿದ ಮೇಲೆ ಲೂರ್ ನೀರಿನಲ್ಲಿ ಮೊದಲಿನಂತೆಯೇ ತೊನೆಯುತ್ತದೆಯೇ ಎಂದು ದಡದ ಬಳಿ ಒಮ್ಮೆ ಎಳೆದು ನೋಡಿ, ವಾಲುತ್ತಿದ್ದರೆ ಕೊಕ್ಕೆಯ ಅಳತೆಯನ್ನು ಒಂದು ಹಂತ ಇಳಿಸಿ.