2ನೇ ಅಡ್ಡರಸ್ತೆ ಮಕ್ಕಳ ಜ್ವರ: ಡೆಂಗಿ ನೆಗೆಟಿವ್ ಅಂದ ಮೇಲೆ ಏನು? (ಕುಶಾಲನಗರ ಬಡಾವಣೆ ಗುಂಪು)

ಸಂಘದ ಕಾರ್ಯದರ್ಶಿ: 2ನೇ ಅಡ್ಡರಸ್ತೆಯಲ್ಲಿ ನಾಲ್ಕು ಮಕ್ಕಳಿಗೆ ಜ್ವರ. ಮೂವರಿಗೆ ಡೆಂಗಿ ನೆಗೆಟಿವ್ ಅಂತೆ. ಮುಂದೇನು?

ಮನೆ 14, ಲ್ಯಾಬ್ ಟೆಕ್ನೀಷಿಯನ್: ಜ್ವರದ ಎಷ್ಟನೇ ದಿನ ರಕ್ತ ಕೊಟ್ರು, ಅದನ್ನ ಮೊದಲು ಕೇಳಿ ಸರ್. ಮೊದಲ 5 ದಿನ ವೈರಸ್ಸನ್ನೇ ಹುಡುಕೋ ಪರೀಕ್ಷೆ: ಎನ್‌ಎಸ್‌1 (ವೈರಸ್‌ನ ಪ್ರೋಟೀನ್) ಇಲ್ಲವೇ ಆರ್‌ಟಿ-ಪಿಸಿಆರ್ (ವೈರಸ್‌ನ ಆರ್‌ಎನ್‌ಎ). ಆಮೇಲೆ ಐಜಿಎಂ ಎಲೈಸಾ, ಅಂದ್ರೆ ವೈರಸ್ ವಿರುದ್ಧ ದೇಹ ಹುಟ್ಟಿಸೋ ಪ್ರತಿಕಾಯ ಹುಡುಕೋ ಪರೀಕ್ಷೆ. ಎರಡನೇ ದಿನವೇ ಐಜಿಎಂ ನೋಡಿದ್ರೆ ಸಿಗಲ್ಲ, ಪ್ರತಿಕಾಯ ಇನ್ನೂ ಹುಟ್ಟಿರಲ್ಲ. ಹಿಂದೆ ಒಮ್ಮೆ ಡೆಂಗಿ ಆದ ಮಗುವಿಗೆ ಎನ್‌ಎಸ್‌1 ಕೂಡ ತಪ್ಪಿಹೋಗಬಹುದು.

ಮನೆ 9: ಐಜಿಎಂ ಪಾಸಿಟಿವ್ ಬಂದ್ರೆ ಡೆಂಗಿನೇ ಅಲ್ವಾ ಅಣ್ಣ?

ಮನೆ 14: ಅಷ್ಟರಿಂದ್ಲೇ ಹೇಳೋಕಾಗಲ್ಲ ಅಕ್ಕ. ಡೆಂಗಿ, ಝೀಕಾ, ಜಪಾನೀಸ್ ಎನ್ಸೆಫಲೈಟಿಸ್ ಒಂದೇ ಕುಟುಂಬದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಕಿಟ್‌ನಲ್ಲೂ ಪಾಸಿಟಿವ್ ತೋರಿಸಬಹುದು. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ 5 ವರ್ಷದ ಹುಡುಗಿಗೆ ಝೀಕಾ ಇರೋದು ಗೊತ್ತಾಗಿದ್ದು ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಿದ್ದಕ್ಕೆ. ಊರಿನ ಡೆಂಗಿ ಟೆಸ್ಟ್ ಕಾರ್ಡ್‌ನಲ್ಲಿ ಅದು ಸಿಗ್ತಿರಲಿಲ್ಲ. ಅದಕ್ಕೇ ಒಂದೇ ಬೀದಿಯ ಜ್ವರಗಳನ್ನ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಮುಂದಿನ ಪರೀಕ್ಷೆಗೆ ಮಾದರಿ ಕಳಿಸಿ ಅಂತ ಕೇಳ್ಬೇಕು. ರಕ್ತ ಗಟ್ಟಿಯಾದ ಮೇಲೆ ಸೀರಂ (ಉಳಿಯುವ ತಿಳಿ ದ್ರವ) ಬೇರ್ಪಡಿಸಿ 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕು. ರಕ್ತವನ್ನ ಹಾಗೇ ಫ್ರೀಜರ್‌ಗೆ ಹಾಕಿದ್ರೆ ಕಣ ಒಡೆದು ಮಾದರಿ ಕೆಡುತ್ತೆ. ಫಾರಂನಲ್ಲಿ ಜ್ವರ ಶುರುವಾದ ತಾರೀಕು ಬಿಟ್ರೆ ಯಾವ ಪರೀಕ್ಷೆ ಮಾಡ್ಬೇಕು ಅನ್ನೋದೇ ಅವರಿಗೆ ತಿಳಿಯಲ್ಲ.

ಮನೆ 22, ಮಕ್ಕಳ ವೈದ್ಯೆ: ಫಿಟ್ಸ್, ಮಂಪರು, ಮಾತು ತಡವರಿಕೆ ಕಂಡ್ರೆ ರಿಪೋರ್ಟಿಗೆ ಕಾಯಬೇಡಿ, ಆ ಗಳಿಗೆಯೇ ಆಸ್ಪತ್ರೆ. ಮರಳುನೊಣದಿಂದ ಹರಡಿ ಮೆದುಳಿಗೆ ತಗಲುವ ಚಾಂದಿಪುರ ವೈರಸ್‌ನಲ್ಲಿ ಮಕ್ಕಳು ಒಂದೆರಡು ದಿನದಲ್ಲೇ ಕೈಮೀರ್ತಾರೆ. ಡೆಂಗಿಯಲ್ಲಿ ಭಯ ಜ್ವರ ಇಳಿದ ಮೇಲೆ: ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಿನ ಕೈಕಾಲು ನೋಡ್ತಿರಿ. ಪ್ಯಾರಸಿಟಮಾಲ್ ಮಗುವಿನ ತೂಕದ ಪ್ರತಿ ಕೆಜಿಗೆ 10ರಿಂದ 15 ಮಿಲಿಗ್ರಾಂ, 6 ಗಂಟೆಗೊಮ್ಮೆ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. ತೋಟಕ್ಕೆ ಹೋದ ಮಗುವಿನ ಕಂಕುಳು, ತೊಡೆಸಂದಿಯಲ್ಲಿ ಕಪ್ಪು ಹಕ್ಕಳೆ ಇದ್ಯಾ ನೋಡಿ. ಸಣ್ಣ ಹುಳ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಜ್ವರ ಇರಬಹುದು, ಅದಕ್ಕೆ ಔಷಧಿ ಇದೆ.

ಮನೆ 3: ಸೊಳ್ಳೆ ಹುಟ್ಟೋ ನೀರು ನಿಂತಿದ್ಯಾ ಅಂತ ಬೋರ್ಡೋ (ತೋಟಕ್ಕೆ ಹೊಡೆಯೋ ಔಷಧಿ) ಕಲಸೋ ಡ್ರಮ್ಮು, ಕಾಫಿ ಟಾರ್ಪಾಲಿನ ಮಡಿಕೆ, ಬಿದ್ದ ಅಡಿಕೆ ಹಾಳೆ ನೋಡಿ. ನೀರು ಚೆಲ್ಲಿದ್ರೆ ಸಾಲದು. ಡ್ರಮ್ಮಿನ ಒಳಗೋಡೆಗೆ ಅಂಟಿದ ಸೊಳ್ಳೆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತೆ. ನಾರಿನಲ್ಲಿ ಗಸಗಸ ಉಜ್ಜಿ, ವಾರಕ್ಕೊಮ್ಮೆ.

ಕಾರ್ಯದರ್ಶಿ: ನಾಲ್ಕು ಮನೆಯವರೂ ಮಗುವಿನ ವಯಸ್ಸು, ಜ್ವರದ ಮೊದಲ ದಿನ, ಆದ ಪರೀಕ್ಷೆ, ಅದರ ತಾರೀಕು ಇವತ್ತು ಸಂಜೆಯೊಳಗೆ ನನಗೆ ಖಾಸಗಿಯಾಗಿ ಕಳಿಸಿ. ಗುಂಪಿನಲ್ಲಿ ಮಕ್ಕಳ ಹೆಸರು ಬೇಡ. ನಾಳೆ ಬೆಳಿಗ್ಗೆ ಪಟ್ಟಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗ್ತೀನಿ. ಮನೆ 14, ನೀವೂ ಬನ್ನಿ.